ನಾಲ್ಕು ಅಕ್ಷರ, ಅರ್ಧ ಆಳು

ಹೊಸದಾಗಿ ಹೈಸ್ಕೂಲಿಗೆ ಇಂಗ್ಲಿಷ್ ಕಲಿಸಲು ಸೇರಿಕೊಂಡ ಹುಡುಗರು, ಹುಡುಗಿಯರು ಆಗಾಗ ಹುಣಸೂರಿನ ನನ್ನ ಮನೆಗೆ ಬರುತ್ತಾರೆ. "ಮೇಡಂ, ನಮ್ ಮಕ್ಕಳಿಗೆ ಏನೂ ಬರಲ್ಲ" ಎನ್ನುವುದು ಅವರ ಮೊದಲ ಮಾತು. ಆ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಬರಲ್ಲ ಅಂತ ಯಾರು ಹೇಳಿದರು? ಕೇಳಿ ನೋಡಿದ್ದೀರಾ? ಅವರಿಗೆ ಕಾಫಿ ಕೊಟ್ಟು, ಚೆನ್ನಾಗಿ ಬೈದು, ಆಮೇಲೆ ನನ್ನ ಅನುಭವ ಹೇಳಿ ಕಳಿಸುವುದು ರೂಢಿಯಾಗಿಬಿಟ್ಟಿದೆ. ಹೇಳಿ ಹೇಳಿ ಗಂಟಲು ಬಿದ್ದುಹೋಗಿದ್ದರಿಂದ ಈಗ ಬರೆಯಲು ಕೂತಿದ್ದೇನೆ. ಯಾವಾಗ ಬಡ್ತಿ ಬಂತು, ಯಾರು ಶಾಲು ಹೊದಿಸಿದರು ಎಂಬುದೆಲ್ಲ ಇದರಲ್ಲಿಲ್ಲ. ಅದು ನನಗೇ ಬೇಡ, ನಿಮಗಂತೂ ಬೇಡವೇ ಬೇಡ.

ನಾನು ಕೆ.ಆರ್. ನಗರದವಳು. ಕಾಲುವೆ ನೀರು, ಭತ್ತದ ಗದ್ದೆ ನೋಡಿಕೊಂಡು ಬೆಳೆದವಳು. ಗದ್ದೆ ನೋಡಿದ್ದೆನೇ ಹೊರತು ಕಾಲಿಟ್ಟಿರಲಿಲ್ಲ, ನಮ್ಮಪ್ಪ ಬಿಟ್ಟಿರಲಿಲ್ಲ. ಮೊದಲ ಕೆಲಸ ಸಿಕ್ಕಿದ್ದು ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಅಂತರಸಂತೆಯ ಆಚೆ ಕಾಡಿನ ಅಂಚಿನ ಒಂದು ಶಾಲೆಯಲ್ಲಿ. ಒಂಬತ್ತನೇ ಕ್ಲಾಸಿಗೆ ಹೋಗಿ ನಿಂತು ಇಂಗ್ಲಿಷಿನಲ್ಲೇ ಶುರು ಮಾಡಿದೆ. ಮಕ್ಕಳು ಮಿಕಮಿಕ ನೋಡಿದರು. ಒಂದು ವಾರ ಹೀಗೇ ನಡೆಯಿತು. ನಾನೂ ಸ್ಟಾಫ್ ರೂಮಿಗೆ ಬಂದು "ಈ ಮಕ್ಕಳಿಗೆ ಏನೂ ಬರಲ್ಲ" ಎಂದೇ ಹೇಳಿದ್ದೆ, ನಿಮ್ಮ ಹಾಗೆಯೇ.

ಒಂದು ದಿನ ಪಾಠದಲ್ಲಿ 'ಪೋಸ್ಟ್' ಎಂಬ ಪದ ಬಂತು. ಬೇಸತ್ತು ಪುಸ್ತಕ ಮಡಚಿ ಕನ್ನಡದಲ್ಲೇ ಕೇಳಿದೆ. "ಈ ಪದ ಯಾರಾದ್ರೂ ಎಲ್ಲಾದ್ರೂ ಕೇಳಿದ್ದೀರೇನ್ರೋ?"

"ಲೈಟ್ ಪೋಸ್ಟು ಮಿಸ್. ನಮ್ಮನೆ ಮುಂದ್ಗಡೆನೇ ಅದೆ. ಲೈಟ್ ಮಾತ್ರ ಇಲ್ಲ" ಎಂದ ಹಿಂದಿನ ಬೆಂಚಿನವನೊಬ್ಬ. ಎಲ್ಲರೂ ನಕ್ಕರು. ನಗು ಬಂದದ್ದೇ ತಡ, ಬಾಯಿಗಳು ಬಿಚ್ಚಿಕೊಂಡವು.

"ಪೋಸ್ಟ್ ಆಪೀಸು ಮಿಸ್."

"ಚೆಕ್ ಪೋಸ್ಟು. ಸಂಜೆ ಆಯ್ತಿದ್ದಂಗೆ ಗೇಟ್ ಆಕ್ಬುಡ್ತಾರೆ, ಕಾಡೊಳೀಕ್ ಬುಡಕಿಲ್ಲ."

"ನಮ್ ಚಿಕ್ಕಪ್ಪಂಗೆ ಬೀಚನಳ್ಳಿ ಡ್ಯಾಮ್‌ತಾವ ಪೋಸ್ಟ್ ಆಗದೆ."

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಆನೆ ಸತ್ತೋದಾಗ ಪೋಸ್ಟ್ ಮಾಟ್ರಮ್ ಮಾಡುದ್ರು ಮಿಸ್. ನಾನು ಬೇಲಿತಾವ ನಿಂತ್ಕಂಡು ಪೂರಾ ನೋಡ್ದೆ" ಎಂದಳು.

ಕಂಬ, ಅಂಚೆ, ಕಾವಲು, ಕೆಲಸ, ಸತ್ತ ಮೇಲಿನದು. ಒಂದು ಪುಟ್ಟ ಪದಕ್ಕೆ ಐದು ಅರ್ಥ, ಅದೂ 'ಏನೂ ಬರದ' ಮಕ್ಕಳ ಬಾಯಿಂದ! ನನಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು. ಪಿ, ಓ, ಎಸ್, ಟಿ ಎಂದು ನಾಲ್ಕು ಅಕ್ಷರ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು, "ಇವೇ ನಾಲ್ಕನ್ನ ಜಾಗ ಬದಲಾಯಿಸಿ ಕೂರಿಸಿ ನೋಡೋಣ" ಎಂದೆ. ಸ್ವಲ್ಪ ಹೊತ್ತು ಗುಸುಗುಸು. ಆಮೇಲೆ ಯಾರೋ "ಸ್ಟಾಪು! ಬಸ್ ಸ್ಟಾಪು!" ಎಂದು ಕಿರುಚಿದರು. ಅದರ ಹಿಂದೆಯೇ ಸ್ಪಾಟ್ ಬಂತು. "ಆನೆ ತುಳುದ್ರೆ ಸ್ಪಾಟ್ ಔಟು ಮಿಸ್." ಹೆಡ್‌ಮಾಸ್ಟರ ರೂಮಿನ ಮುಂದಿನ ಹೂವಿನ ಪಾಟ್ಸ್ ಬಂದವು, ಹುಡುಗಿಯರು ಹಾಕುವ ಟಾಪ್ಸ್ ಬಂದವು. ಆಪ್ಟ್ಸ್ ಎನ್ನುವುದೊಂದು ಯಾರಿಗೂ ಹೊಳೆಯಲಿಲ್ಲ. ಅದನ್ನು ನಾನು ಹೇಳಿಕೊಟ್ಟೆ, ಹಲವುಗಳಲ್ಲಿ ಒಂದನ್ನು ಆರಿಸಿಕೊಳ್ಳುವುದು ಎಂದು. ಬೆಲ್ ಹೊಡೆದರೂ ಒಬ್ಬರೂ ಎದ್ದು ಹೋಗಲಿಲ್ಲ. ಅವತ್ತೇ ತೀರ್ಮಾನ ಮಾಡಿದೆ, ನನ್ನ ಕ್ಲಾಸಿನಲ್ಲಿ ಕೂತ ಯಾವ ಮಗುವೂ ಇಂಗ್ಲಿಷ್ ಒಂದರ ಕಾರಣಕ್ಕೆ ಮನೆಯಲ್ಲಿ ಕೂರಕೂಡದು.

ಕೆಲವು ವರ್ಷದ ಮೇಲೆ ಪಿರಿಯಾಪಟ್ಟಣದ ಕಡೆಗೆ ವರ್ಗವಾಯಿತು. ಅಲ್ಲಿ ಎತ್ತ ನೋಡಿದರೂ ಹೊಗೆಸೊಪ್ಪು, ಅದನ್ನು ಕಾವಿನಲ್ಲಿ ಬೇಯಿಸುವ ಎತ್ತರದ ಕೋಣೆ, ಅಂದರೆ ಬ್ಯಾರನ್ನು. ಸೊಪ್ಪು ಮುರಿಯುವ ಕಾಲದಲ್ಲಿ ಹೆಂಗಸರು ಬ್ಯಾರನ್ನಿನ ಮುಂದೆ ಸಾಲಾಗಿ ಕೂತು ಉದ್ದನೆಯ ಕೋಲಿಗೆ ಎಲೆಗಳನ್ನು ದಾರದಲ್ಲಿ ಕಟ್ಟುತ್ತಾರೆ, ಈ ಮಗ್ಗುಲಿಗೊಂದು ಹಿಡಿ, ಆ ಮಗ್ಗುಲಿಗೊಂದು ಹಿಡಿ. ಆ ಕೈಗಳ ವೇಗ ನೋಡುತ್ತ ನಿಂತಿದ್ದಾಗ ನನಗೊಂದು ಉಪಾಯ ಹೊಳೆಯಿತು. ಒಂದು ಹಳೆಯ ಕೋಲು ಕೇಳಿ ತಂದೆ. ಮದುವೆ ಕಾರ್ಡುಗಳ ಹಿಂಬದಿಯಲ್ಲಿ ಅಕ್ಷರ ಬರೆದು, ದಾರ ಪೋಣಿಸಿ, ಕೋಲಿಗೆ ಎಲೆಯಂತೆ ನೇತುಹಾಕಿದೆ. ಸರಿಸಿದರೆ ಸರಿಯುತ್ತವೆ. ಪೋಸ್ಟ್ ಹೋಗಿ ಸ್ಟಾಪ್ ಆಗುತ್ತದೆ, ಸ್ಟಾಪ್ ಹೋಗಿ ಸ್ಪಾಟ್. ಮಕ್ಕಳಿಗೆ ಹೇಳಿಕೊಡುವ ಅಗತ್ಯವೇ ಬರಲಿಲ್ಲ. ಕೋಲು ಅವರ ಮನೆಯ ವಸ್ತು, ಅದರ ಮೇಲೆ ಕೈಯಾಡಿಸುವುದು ಅವರಿಗೆ ನೀರು ಕುಡಿದಷ್ಟು ಸಲೀಸು.

ಒಮ್ಮೆ ಮೇಲಿನ ಕಚೇರಿಯಿಂದ ವಿಷಯ ಪರಿವೀಕ್ಷಕರು ಬಂದರು. ಕೋಲನ್ನು ಮೇಲಿಂದ ಕೆಳಗೆ ನೋಡಿ, "ಏನ್ ಮೇಡಂ ಇದು? ಕ್ಲಾಸ್ ರೂಮೋ, ಬ್ಯಾರನ್ನೋ?" ಎಂದರು.

"ಎರಡೂ ಸಾರ್" ಎಂದೆ.

"ಇದರಿಂದ ಏನು ಉಪಯೋಗ?"

"ಬಾಯಿ ಬಿಡ್ತಾರೆ ಸಾರ್."

"ಬಾಯಿ ಬಿಟ್ಟರೆ ಮಾರ್ಕ್ಸ್ ಬರುತ್ತಾ? ಮೊದಲು ಇಳಿಸಿ ಇದನ್ನ."

ಅವರು ಹೋದ ಮೇಲೆ ನಮ್ಮ ಹೆಡ್‌ಮಾಸ್ಟರ್ ನಂಜಪ್ಪನವರು ಮೆಲ್ಲಗೆ ಬಂದರು. ಅವರು ಯಾರಿಗೂ ಎದುರಾಡದ ಮನುಷ್ಯ. "ಅವ್ರು ಬಂದಾಗ ಇಳ್ಸಿ, ಓದಾಗ ಏರ್ಸಿ ಮೇಡಂ. ಯಾಕ್ ಸುಮ್ನೆ?" ಎಂದರು. ಆಗಲ್ಲ ಸಾರ್ ಎಂದೆ. ಇಳಿಸಲಿಲ್ಲ. ಆದರೆ ಆ ಪರಿವೀಕ್ಷಕರ ಮಾತಿನಲ್ಲಿ ಅರ್ಧ ಸತ್ಯವಿತ್ತು ಎಂಬುದು ಆಮೇಲೆ ತಿಳಿಯಿತು. ಅದನ್ನು ತಿಳಿಸಿದವಳು ಗೌರಮ್ಮ.

ಗೌರಮ್ಮ ನಮ್ಮ ಶಾಲೆಯ ಬಿಸಿಯೂಟದ ಅಡುಗೆಯವಳು. ಅಡುಗೆಮನೆ ನನ್ನ ಕ್ಲಾಸಿನ ಪಕ್ಕಕ್ಕೇ ಇತ್ತು. ಒಂದು ದಿನ ಮಕ್ಕಳು ಯಾವುದೋ ಪದಕ್ಕೆ ಸಿಕ್ಕಿಹಾಕಿಕೊಂಡು ಒದ್ದಾಡುತ್ತಿದ್ದಾಗ ಕಿಟಕಿಯ ಆಚೆಯಿಂದ ಉತ್ತರ ಬಂತು. ತಿರುಗಿ ನೋಡಿದರೆ ಸೌಟು ಹಿಡಿದು ನಿಂತಿದ್ದಾಳೆ. ನಾನು ನೋಡಿದ್ದು ಗೊತ್ತಾಗಿ ತಟ್ಟನೆ ಬಗ್ಗಿಬಿಟ್ಟಳು. ಊಟ ಮುಗಿದ ಮೇಲೆ ಹೋಗಿ ಹಿಡಿದೆ. "ಎಷ್ಟ್ ಓದಿದ್ದೀಯೇ?"

"ಅತ್ತ್‌ಗಂಟ ಓದಿವ್ನಿ ಮಿಸ್. ಇಂಗ್ಲೀಸ್ ಒಂದ್ರಲ್ಲಿ ಓಗ್ಬುಡ್ತು. ಆಮ್ಯಾಲೆ ಮದ್ವೆ ಮಾಡ್ಬುಟ್ರು."

"ಮತ್ತೆ ಕಟ್ಟೋದಲ್ವಾ?"

ಅವಳು ಪಾತ್ರೆ ತಿಕ್ಕುವುದನ್ನು ನಿಲ್ಲಿಸಿದಳು. "ಕಟ್ಬೇಕು ಅಂತ್ಲೇ ಮಿಸ್ ಕಿಟ್ಕಿತಾವ ನಿಂತ್ಕಳಾದು. ನಮ್ ಕೊಪ್ಪಲಿನ ಅಂಗನವಾಡಿ ಟೀಚರಮ್ಮ ಬರೋ ವರ್ಸ ರಿಟೈರ್ ಆಯ್ತಾರೆ. ಅದೇ ಊರೋಳೇ ಆಗ್ಬೇಕು, ಎಸ್ಸೆಸ್ಸೆಲ್ಸಿ ಪಾಸಾಗಿರ್ಬೇಕು. ನಮ್ ಕೊಪ್ಪಲಲ್ಲಿ ಅಷ್ಟ್ ಓದಿರೋ ಸೊಸೆ ನಾನೊಬ್ಳೇ. ಆ ಪೋಸ್ಟ್ ನಂಗೇ ಸಿಕ್ಬೇಕು ಮಿಸ್. ಇಲ್ಲಿ ಈ ವರ್ಸ ಇರ್ತೀನಿ, ಮುಂದಿನ್ ವರ್ಸ ಇನ್ಯಾರೋ ಬತ್ತಾರೆ. ಅದಲ್ದೆ, ಮಕ್ಳಿಗೆ ಅನ್ನ ಬಡ್ಸಿದ್ದು ಸಾಕಾಯ್ತು. ನಾನೂ ಒಂದಕ್ಷರ ತಿದ್ದುಸ್ಬೇಕು."

ಇಷ್ಟು ನೇರವಾಗಿ ತನಗೇನು ಬೇಕು ಎಂದು ಹೇಳಿದ ವಿದ್ಯಾರ್ಥಿ ನನಗೆ ಹಿಂದೆ ಸಿಕ್ಕಿರಲಿಲ್ಲ, ಮುಂದೆಯೂ ಸಿಗಲಿಲ್ಲ. ಸರಿ, ನಡಿ ಎಂದೆ. ಅವಳ ಗಂಡನನ್ನು ಕೇಳಿದ್ದಕ್ಕೆ, "ಓದ್ಕಳ್ಳಿ ಬುಡಿ ಮೇಡಂ, ಒಲದ್ ಕೆಲ್ಸ ನಿಲ್ಬಾರ್ದು ಅಷ್ಟೇಯ" ಎಂದ. ಪಾತ್ರೆ ತೊಳೆದಾದ ಮೇಲೆ ಅಡುಗೆಮನೆಯಲ್ಲಿ ಪಾಠ. ಸೊಪ್ಪು ಕಟ್ಟುವ ಕಾಲದಲ್ಲಿ ಅವರ ಬ್ಯಾರನ್ನಿನ ಮುಂದೆಯೇ ಪಾಠ. ಅವಳ ಕೈ ಎಲೆ ಕಟ್ಟುತ್ತಿತ್ತು, ಬಾಯಿ ಪದ ಕಟ್ಟುತ್ತಿತ್ತು. ಪಕ್ಕದಲ್ಲಿ ಕೂತ ಹೆಂಗಸರೂ ನಡುನಡುವೆ ಬಾಯಿ ಹಾಕುತ್ತಿದ್ದರು. ನನಗಂತೂ ಅವಳು ಪಾಸಾಗುವುದರಲ್ಲಿ ಅನುಮಾನವೇ ಇರಲಿಲ್ಲ.

ಪರೀಕ್ಷೆಯಲ್ಲಿ ಅವಳು ಫೇಲಾದಳು.

ನನಗೆ ಸಿಟ್ಟು ನೆತ್ತಿಗೇರಿತು. "ಏನಾಯ್ತೇ? ಎಲ್ಲಾ ಬರ್ತಿತ್ತಲ್ಲ ನಿಂಗೆ!"

"ಅಕ್ಷರ ಜೋಡ್ಸಾ ಪ್ರಶ್ನೆ ಕೊಟ್ಟಿದ್ರು ಮಿಸ್. ಮೊದ್ಲೇ ಒಂದ್ ಪದ ಸಿಕ್ತು. ಆದ್ರೆ ಅದ್ರೊಳ್ಗೆ ಇನ್ನೊಂದ್ ಇರ್ಬೋದು ಅನ್ನುಸ್ತು. ಇನ್ನೊಂದೂ ಸಿಕ್ತು. ಆಮ್ಯಾಲೆ ಮತ್ತೊಂದ್ಕೆ ಉಡುಕ್ತಾ ಕುಂತ್ಕಂಡೆ. ಬುಡಕೇ ಆಗ್ಲಿಲ್ಲ. ಕೊನೀಗೆ ಪತ್ರ ಬರೆಯಾದು, ಪ್ರಬಂಧ ಎರಡೂ ಉಳ್ಕಂಡ್ಬುಟ್ವು. ಪೇಪರ್ ಕಿತ್ಕಂಡ್ರು."

ನನ್ನ ಆಟವೇ ಅವಳನ್ನು ಹಿಡಿದು ಕೂರಿಸಿತ್ತು. ನಂಜಪ್ಪನವರು ಇದನ್ನು ಕೇಳಿ, "ಪೋಸ್ಟ್ ಒಳಗಿಂದ ಸ್ಟಾಪ್ ತೆಗ್ದು ತೋರ್ಸಿದ್ರಿ ಮೇಡಂ, ಎಲ್ಲಿ ಸ್ಟಾಪ್ ಆಗ್ಬೇಕು ಅಂತ ಏಳ್ಳೇ ಇಲ್ಲ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಹೊಸ ಮೇಷ್ಟ್ರುಗಳೇ, ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮಕ್ಕಳಿಗೆ ರುಚಿ ಹತ್ತಿಸುವುದು ಅರ್ಧ ಕೆಲಸ, ಅಷ್ಟೇ. ಅಂದಿನಿಂದ ಕೋಲಿನ ಆಟಕ್ಕೆ ಒಂದು ಕಟ್ಟಳೆ ಸೇರಿಸಿದೆ. ಪದ ಸಿಕ್ಕ ಕೂಡಲೇ ಮೇಜು ಕುಟ್ಟಿ, "ಒಂದು ಸಿಕ್ತಾ? ನಡಿ ಮುಂದಕ್ಕೆ" ಎನ್ನುತ್ತಿದ್ದೆ. ಗೌರಮ್ಮನಿಗೆ ಕೋಲು ಮುಟ್ಟಲೇ ಕೊಡಲಿಲ್ಲ. ದಿನಾ ಒಂದು ಪತ್ರ ಬರೆಸಿದೆ. ಪಂಚಾಯ್ತಿಗೆ ಕುಡಿಯುವ ನೀರು ಕೇಳಿ, ಗೆಳತಿಯನ್ನು ಮದುವೆಗೆ ಕರೆದು, ಹೆಡ್‌ಮಾಸ್ಟರಿಗೆ ರಜೆ ಕೇಳಿ. ಜೂನಿನಲ್ಲಿ ಪೂರಕ ಪರೀಕ್ಷೆ ಇತ್ತು. ಅಂಗನವಾಡಿಯ ಜಾಗ ತುಂಬುವ ಮುಂಚೆ ಅವಳಿಗೆ ಉಳಿದಿದ್ದ ಅವಕಾಶ ಅದೊಂದೇ.

ಪರೀಕ್ಷೆಯ ಹಿಂದಿನ ಸಂಜೆ ಗೌರಮ್ಮ ನನ್ನ ಬಾಡಿಗೆ ಮನೆಯ ಬಾಗಿಲಲ್ಲಿ ಬಂದು ನಿಂತಳು. ಮಧ್ಯಾಹ್ನವಷ್ಟೇ ಹದವಾದ ಮಳೆ ಬಿದ್ದಿತ್ತು. ಅವಳ ಮುಖ ನೋಡಿಯೇ ಏನೋ ಆಗಿದೆ ಎನ್ನಿಸಿತು.

"ನಾಳೆ ಕೆಂಪಮ್ಮುನ್ ಒಲ ನಾಟಿ ಮಿಸ್. ನಾನ್ ಓಗ್ಬೇಕು."

ಆ ಊರಲ್ಲಿ ಹೊಗೆಸೊಪ್ಪಿನ ಸಸಿ ನಾಟಿ ಮಾಡುವುದು ಮುಯ್ಯಾಳಿನಲ್ಲಿ. ಇವತ್ತು ನೀವೆಲ್ಲ ಬಂದು ನನ್ನ ಹೊಲ ನೆಟ್ಟರೆ, ನಾಳೆ ನಾನು ಬಂದು ನಿಮ್ಮ ಹೊಲ ನೆಡಬೇಕು. ಒಂದು ದಿನಕ್ಕೆ ಒಂದು ದಿನ, ಕೂಲಿಯ ಮಾತಿಲ್ಲ. ಗೌರಮ್ಮನ ಹೊಲವನ್ನು ಹಿಂದಿನ ವಾರವೇ ಎಲ್ಲರೂ ಸೇರಿ ನೆಟ್ಟುಕೊಟ್ಟಿದ್ದರು. ಈಗ ಕೆಂಪಮ್ಮನ ಸರದಿ. ಕೆಂಪಮ್ಮ ಆ ಗುಂಪಿನ ಯಜಮಾನಿ ಇದ್ದಂತೆ, ಕಡ್ಡಿ ಮುರಿದಂತೆ ಮಾತಾಡುವ ಹೆಂಗಸು.

"ಕೂಲಿಗೆ ಯಾರನ್ನಾದ್ರೂ ಕಳ್ಸು."

"ಮುಯ್ಯಿಗೆ ಕೂಲಿಯೋರ್ನ ಕಳ್ಸಾಕಾಯ್ತದಾ ಮಿಸ್? ಅಂಗ್ ಕಳ್ಸೋಣ ಅಂದ್ರೂ ಒಬ್ರಾದ್ರೂ ಎಲ್ಲವ್ರೆ? ಮಳೆ ಉಯ್ದದೆ, ಎಲ್ರ್ ಒಲ್ದಲ್ಲೂ ನಾಟಿಯೇ."

"ಒಂದು ದಿನ ತಪ್ಪಿಸ್ಕೊಂಡ್ರೆ ಏನಾಗುತ್ತೆ?"

"ನಮ್ ಒಲುಕ್ಕೆ ಇನ್ಮ್ಯಾಲೆ ಒಬ್ರೂ ಕಾಲಿಡಕಿಲ್ಲ. ನಮ್ಮೆಜಮಾನ್ರು ಮನೆಗ್ ಸೇರ್ಸಕಿಲ್ಲ." ಅಲ್ಲಿಯವರೆಗೆ ಗಟ್ಟಿಯಾಗಿದ್ದವಳ ದನಿ ಒಡೆಯಿತು. "ಓಗ್ಲಿ ಬುಡಿ ಮಿಸ್. ನನ್ನಣೇಲಿ ಬರ್ದಿಲ್ಲ."

ಹಣೆಬರಹದ ಮಾತು ಕೇಳಿ ನನಗೆ ರೇಗಿತು. ಹಣೆಯಲ್ಲಿ ಬರೆದಿಲ್ಲ ಅಂದರೆ ಪೇಪರಲ್ಲಿ ಬರಿ! ಒಂದು ಕ್ಷಣವೂ ಯೋಚಿಸದೆ ಹೇಳಿಬಿಟ್ಟೆ. "ನೀನು ಪರೀಕ್ಷೆಗೆ ಹೋಗು. ನಿನ್ನ ಮುಯ್ಯಿಗೆ ನಾನು ಹೋಗ್ತೀನಿ."

"ಅಯ್ಯೋ ಶಿವನೇ! ನೀವಾ?"

"ಕೂಲಿ ತಗೊಳ್ಳಲ್ಲ ತಾನೇ ನಾನು? ಹಾಗಾದ್ರೆ ಮುಯ್ಯಿಯೇ ಆಯ್ತು. ನಡಿ, ಪತ್ರದ ವಿಳಾಸ ಎಲ್ಲಿ ಬರೀಬೇಕು ಅಂತ ಇನ್ನೊಂದ್ಸಲ ನೋಡ್ಕೊ."

ಬೆಳಗ್ಗೆ ಅವಳನ್ನು ಪಿರಿಯಾಪಟ್ಟಣದ ಬಸ್ಸು ಹತ್ತಿಸಿ, ರಜೆ ಚೀಟಿ ಕಳಿಸಿ, ಹಳೇ ಸೀರೆ ಎತ್ತಿ ಕಟ್ಟಿ ಕೆಂಪಮ್ಮನ ಹೊಲಕ್ಕೆ ಹೋದೆ. ಹೆಂಗಸರು ಸಾಲು ಹಿಡಿದು ನಿಂತಿದ್ದರು. ಕೆಂಪಮ್ಮ ಸೊಂಟದ ಮೇಲೆ ಕೈಯಿಟ್ಟು, "ಏನ್ ಮಿಸ್ಸು, ಇತ್ಲಾಗ್ ಬಂದ್ಬುಟ್ರಿ?" ಎಂದಳು.

"ಗೌರಮ್ಮನ ಬದಲಿಗೆ ಬಂದಿದ್ದೀನಿ."

"ನಿಮ್ ಕೈಲಾಯ್ತದಾ?"

"ಆಗದಿದ್ರೆ ಬೈರಿ."

"ಬಯ್ದೇ ಬಯ್ತೀನಿ" ಎಂದವಳೇ ನನ್ನ ಕೈಗೆ ಸಸಿಯ ತಟ್ಟೆ ಕೊಟ್ಟಳು.

ಆಡಿದಂತೆ ನಡೆದುಕೊಂಡಳು ಕೂಡ. ನಾನು ಗುಣಿ ತೋಡಿ, ಸಸಿ ಇಟ್ಟು, ಚೆನ್ನಾಗಿ ನೆಲೆ ನಿಲ್ಲಲಿ ಎಂದು ಕತ್ತಿನವರೆಗೂ ಮಣ್ಣು ಮುಚ್ಚುತ್ತಾ ಹೋದೆ. ಒಂದು ಸಾಲು ಮುಗಿಸಿ ಹೆಮ್ಮೆಯಿಂದ ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಹಿಂದಿನಿಂದ ಕೂಗು ಬಂತು. "ಅಯ್ ನಿಮ್ಮ! ಸುಳಿ ಮುಚ್ಚಾಕ್ಬುಟ್ಟಿದ್ದೀರಲ್ರೀ! ಸುಳಿ ಮುಚ್ಚುದ್ರೆ ಗಿಡ ಏಳಾದೆಂಗೆ? ಬುಡ ಅದುಮ್ಬೇಕು, ಸುಳಿ ಬುಡ್ಬೇಕು. ನಡೀರಿ ವಾಪಸ್ಸು!" ಇಡೀ ಸಾಲನ್ನು ಮತ್ತೆ ಬಿಡಿಸಿ ನೆಟ್ಟೆ. ಬೆನ್ನು ನನ್ನದಲ್ಲ ಎನ್ನಿಸುತ್ತಿತ್ತು. ಹೆಂಗಸರಿಗೆ ನಗುವೋ ನಗು. ನಕ್ಕು ಮುಗಿದ ಮೇಲೆ ಅವರೇ ಶುರು ಮಾಡಿದರು. "ಮಿಸ್ಸು, ಗೌರಿ ಯಾವಾಗ್ಲೂ ಪೋಸ್ಟು ಪೋಸ್ಟು ಅಂತಿರ್ತಾಳೆ, ಏನ್ರೀ ಅದು?" ಹೇಳಿದೆ. ಒಬ್ಬೊಬ್ಬರೂ ಒಂದೊಂದು ಪೋಸ್ಟು ಹೊರತೆಗೆದರು. ಅಷ್ಟರಲ್ಲಿ ನಂಜಪ್ಪನವರು ಸ್ಕೂಟರಿನಲ್ಲಿ ಶಾಲೆಗೆ ಹೊರಟವರು ಹೊಲದ ಬದಿಯಲ್ಲಿ ನಿಂತು, ಮೊಣಕೈವರೆಗೂ ಮಣ್ಣಾಗಿದ್ದ ನನ್ನನ್ನು ನೋಡಿದರು. "ಏನ್ ಮೇಡಂ, ಪೋಸ್ಟ್ ಬದ್ಲಾಯಿಸ್ಬುಟ್ರಾ?"

ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಕೆಂಪಮ್ಮ ನನ್ನ ಸಾಲುಗಳನ್ನೂ ಬೇರೆಯವರ ಸಾಲುಗಳನ್ನೂ ನೋಡಿಕೊಂಡು ಬಂದಳು. ಮುದ್ದೆ ಕೈಗಿಡುತ್ತಾ ತೀರ್ಪು ಕೊಟ್ಟಳು. "ನೋಡಿ ಮಿಸ್ಸು, ಬೇಜಾರ್ ಮಾಡ್ಕಬೇಡಿ. ನೀವ್ ಅರ್ಧ ಆಳು. ಗೌರಿ ಇನ್ನರ್ಧ ದಿನ ಬಂದು ತೀರ್ಸ್ಬೇಕು." ಅವಳು ತಮಾಷೆ ಮಾಡುತ್ತಿರಲಿಲ್ಲ. ನನಗೆ ಅವಮಾನವಾಯಿತು. ಆದರೆ ಸಾಲುಗಳು ಎದುರಿಗೇ ಇದ್ದವು, ವಾದ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ.

ಊಟ ಮುಗಿಸಿ ಮತ್ತೆ ಇಳಿದು ಸ್ವಲ್ಪ ಹೊತ್ತಾಗಿತ್ತು. ಬದುವಿನ ಮೇಲೆ ಗೌರಮ್ಮ ಬರುತ್ತಿದ್ದಳು. ಪರೀಕ್ಷೆಗೆ ಉಟ್ಟಿದ್ದ ಒಳ್ಳೆ ಸೀರೆಯನ್ನೇ ಎತ್ತಿ ಸಿಕ್ಕಿಸಿಕೊಳ್ಳುತ್ತಾ ಹೊಲಕ್ಕೆ ಇಳಿದಳು. ಬಸ್ಸಿಳಿದು ಮನೆಗೂ ಹೋಗಿರಲಿಲ್ಲ. ಸೀದಾ ನನ್ನ ಪಕ್ಕದ ಸಾಲು ಹಿಡಿದಳು. ನಾನು ಕೇಳಲಿಲ್ಲ, ಕೇಳಲು ಧೈರ್ಯ ಬರಲಿಲ್ಲ. ಅರ್ಧ ಸಾಲು ನೆಟ್ಟ ಮೇಲೆ ತಲೆಯೆತ್ತದೆ ಅವಳೇ ಹೇಳಿದಳು.

"ಅಕ್ಷರ ಜೋಡ್ಸಾದ್ ಬಂದಿತ್ತು ಮಿಸ್. ಒಂದ್ ಸಿಕ್ತು. ಮುಂದಕ್ ನಡ್ದೆ. ಪತ್ರ ಬರ್ದೆ, ಪ್ರಬಂಧನೂ ಬರ್ದೆ."

ನನ್ನ ಕಣ್ಣು ತುಂಬಿಬಂತು. ಕೈಯೆಲ್ಲ ಮಣ್ಣು, ಒರೆಸಿಕೊಳ್ಳುವ ಹಾಗೂ ಇರಲಿಲ್ಲ. ಅವಳು ನನ್ನ ಕೊನೆಯ ಸಸಿಯ ಸುಳಿಯ ಮೇಲಿನ ಮಣ್ಣನ್ನು ಬೆರಳಿಂದ ಬಿಡಿಸಿ ಮುಂದೆ ಹೋದಳು. ಹೊಲ ಮುಗಿಯುವವರೆಗೂ ದುಡಿದಳು. ಕೆಂಪಮ್ಮ "ಮುಯ್ಯಿ ತೀರ್ತು" ಎಂದ ಮೇಲೇ ಇಬ್ಬರೂ ಮೇಲೆ ಬಂದೆವು.

ಗೌರಮ್ಮ ಪಾಸಾದಳು. ಅಂಗನವಾಡಿಯೂ ಸಿಕ್ಕಿತು. ಆದೇಶ ಬಂದ ದಿನ ಅವಳು ಶಾಲೆಗೆ ಓಡಿ ಬಂದು, ಕೋಲಿನ ಮೇಲೆ ಪಿ, ಓ, ಎಸ್, ಟಿ ಕಾರ್ಡುಗಳನ್ನು ಸರಿಸಿ ಜೋಡಿಸಿ ನಿಲ್ಲಿಸಿದಳು. ಮಕ್ಕಳು ಶಾಲೆಯ ಹೆಂಚು ಹಾರಿಹೋಗುವಂತೆ ಕೂಗಿದರು.

ಆಮೇಲೆ ಶಾಲೆಗಳಿಗೆ ಪ್ರೊಜೆಕ್ಟರ್ ಬಂತು, ಸ್ಮಾರ್ಟ್ ಕ್ಲಾಸ್ ಬಂತು. ಅವುಗಳ ಮೇಲೆ ನನಗೆ ದ್ವೇಷವೇನಿಲ್ಲ, ಕರೆಂಟು ಇದ್ದಾಗ ಚೆನ್ನಾಗಿಯೇ ನಡೆಯುತ್ತವೆ. ನಿವೃತ್ತಿಯಾಗಿ ಹುಣಸೂರಿಗೆ ಬಂದ ಮೇಲೂ ಇಂಗ್ಲಿಷಿನಲ್ಲಿ ಫೇಲಾದ ಮಕ್ಕಳಿಗೆ ಭಾನುವಾರ ನಮ್ಮ ಮುಂದಿನ ಕೋಣೆಯಲ್ಲಿ ಪಾಠ ಮಾಡುತ್ತಿದ್ದೇನೆ. ಕಳೆದ ಬೇಸಿಗೆಯಲ್ಲಿ ನನ್ನ ಕಣ್ಣಿಗೆ ಆಪರೇಷನ್ ಆಯಿತು. ಓದಬಾರದು, ಬಗ್ಗಬಾರದು, ಧೂಳು ತಾಗಬಾರದು ಎಂದರು ಡಾಕ್ಟರು. ಮಕ್ಕಳ ಮರುಪರೀಕ್ಷೆ ಹತ್ತಿರದಲ್ಲಿತ್ತು. ಏನಾದರಾಗಲಿ, ಕಪ್ಪು ಕನ್ನಡಕ ಹಾಕಿಕೊಂಡೇ ಮಾಡುತ್ತೇನೆ ಎಂದು ಎದ್ದು ಕೂತಿದ್ದೆ. ಆ ಭಾನುವಾರ ಬೆಳಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ಗೌರಮ್ಮ. ಆಪರೇಷನ್ ಸುದ್ದಿ ಹೇಗೋ ಅವಳಿಗೆ ಮುಟ್ಟಿತ್ತು. ಕೈಯಲ್ಲಿ ಪೇಪರು ಸುತ್ತಿದ ಉದ್ದನೆಯ ಕೋಲು.

"ಕಂಡಕ್ಟ್ರು ಇದ್ನ ಟಾಪ್ ಮ್ಯಾಲಾಕು ಅಂದ ಮಿಸ್. ಆಕ್ನಿಲ್ಲ, ಮಡ್ಲಲ್ಲೇ ಇಟ್ಕಂಡ್ ಬಂದೆ. ನೀವ್ ಒಳಗ್ ಓಗಿ ಮನೀಕಳಿ. ಇವತ್ತು ನಿಮ್ ಬದ್ಲು ನಾನು."

"ಯಾಕೇ?"

"ಮುಯ್ಯಿ."

"ಆ ಮುಯ್ಯಿ ಅವತ್ತೇ ತೀರ್ತಲ್ಲೇ, ಕೆಂಪಮ್ಮನೇ ಹೇಳ್ಳಿಲ್ವಾ?"

"ಅದು ಕೆಂಪಮ್ಮುಂದು. ನಿಮ್ದು ನನ್ ತಾವ್ಲೇ ಅದೆ."

ನಾನು ಒಳಕೋಣೆಯಲ್ಲಿ ಕಣ್ಣು ಮುಚ್ಚಿ ಮಲಗಿ ಕಿವಿಯನ್ನು ಹೊರಗಿಟ್ಟೆ. "ಪೋಸ್ಟ್ ಅಂದ್ರೇನ್ರೋ?" ಎಂದಳು. "ಮೊಬೈಲಲ್ಲಿ ಹಾಕ್ತಾರಲ್ಲ ಆಂಟಿ, ಅದು" ಎಂದನೊಬ್ಬ. "ಅದೂ ಸರಿ ಕಣ್ಲಾ, ನಮ್ ಕಾಲ್ದಲ್ಲಿ ಅದಿರ್ಲಿಲ್ಲ. ಇನ್ನೊಂದೇಳು." ಕಾರ್ಡುಗಳು ಕೋಲಿನ ಮೇಲೆ ಸರಿಯುವ ಸದ್ದು ಕೇಳಿತು. ಯಾರೋ ಪದವೊಂದನ್ನು ಕೂಗಿದರು. ಕೂಡಲೇ ಮೇಜು ಕುಟ್ಟಿದ ಸದ್ದು, ಆಮೇಲೆ ಅವಳ ದನಿ. "ಒಂದ್ ಸಿಕ್ತಾ? ನಡಿ ಮುಂದಕ್ಕೆ!" ಮೇಜು ಕುಟ್ಟಿದ್ದೂ ಥೇಟ್ ನನ್ನ ಹಾಗೆಯೇ. ಅಳಬಾರದು ಎಂದಿದ್ದರು ಡಾಕ್ಟರು. ಅವರ ಮಾತು ನಡೆಯಲಿಲ್ಲ. ಪತ್ರದ ಪಾಠಕ್ಕೆ ಬಂದಾಗ ವಿಳಾಸವನ್ನು ತಪ್ಪು ಜಾಗದಲ್ಲಿ ಬರೆಸಿದಳು. ಮಲಗಿದಲ್ಲಿಂದಲೇ ಕೂಗಿದೆ. "ಅಯ್ಯೋ" ಎಂದು ಎಲ್ಲರ ಕೈಯಲ್ಲೂ ಅದನ್ನು ಅಳಿಸಿಹಾಕಿಸಿ ಮತ್ತೆ ಬರೆಸಿದಳು.

ಮಕ್ಕಳು ಹೋದ ಮೇಲೆ ಒಳಗೆ ಬಂದು ಮಂಚದ ಪಕ್ಕ ಕೂತಳು. ಸೀಮೆಸುಣ್ಣದ ಕೈಯನ್ನು ಸೆರಗಿಗೆ ಒರೆಸಿಕೊಂಡು ಕೇಳಿದಳು. "ತೀರ್ತಾ ಮಿಸ್?"

"ಎಲ್ಲಿ ತೀರ್ತು? ವಿಳಾಸ ತಪ್ಪಿಸಿದೆಯಲ್ಲ" ಎಂದೆ. "ಅರ್ಧ ಆಳು ಕಣೇ ನೀನು. ಬರೋ ಭಾನುವಾರ ಇನ್ನರ್ಧ ಬಂದು ತೀರ್ಸು."